ಚೆಂಡು ಬಿಡದವಳು

ಚಿತ್ತಾಪುರದಲ್ಲಿ ಇಳಿಯಬೇಕಾಗಿದ್ದ ಕಪಿಲ ಇಳಿಯಲಿಲ್ಲ. ಗಾಡಿ ನಿಂತಿತು, ಎದುರಿಗೆ ಕುಳಿತಿದ್ದ ಮುದುಕಿ ಗಂಟು ಎತ್ತಿಕೊಂಡು ಗೊಣಗುತ್ತ ಇಳಿದಳು, ಶೇಂಗಾ ಮಾರುವವನೊಬ್ಬ ಹತ್ತಿದ, ಗಾಡಿ ಹೊರಟಿತು. ಇವನು ಮಾತ್ರ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು, ಇಳಿಯಬೇಕಾದವನು ಬೇರೆ ಯಾರೋ ಎಂಬಂತೆ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಹಿಂದೆ ಸರಿಯುವುದನ್ನು ನೋಡುತ್ತಿದ್ದ. ಮರೆವಲ್ಲ. ಎರಡು ವರ್ಷದಿಂದ ಭಾನುವಾರ ತಪ್ಪದೆ ವಾಡಿಯಲ್ಲಿ ಇದೇ ಪ್ಯಾಸೆಂಜರ್ ಹತ್ತಿ, ಚಿತ್ತಾಪುರದಲ್ಲಿ ಇಳಿದು, ಬಸ್ಸು ಹಿಡಿದು ತೆಂಗಳಿಗೆ ಹೋಗುವವನಿಗೆ ಮರೆವು ಎಲ್ಲಿಂದ ಬರಬೇಕು. ಕಾಲು ಏಳಲಿಲ್ಲ, ಅಷ್ಟೆ. ಹಾಗೆ ಅಂದುಕೊಂಡ ಮರುಗಳಿಗೆಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕಾಲು ಏಳದಿರುವುದೆಂದರೆ ಏನೆಂದು ತೆಂಗಳಿಯಲ್ಲಿ ಮಂಚದ ಮೇಲಿರುವ ಹುಡುಗಿಯನ್ನು ಕೇಳಬೇಕು. ಗಟ್ಟಿಮುಟ್ಟಾದ ಪಿ.ಟಿ. ಮಾಸ್ತರ, ಮೂರು ಹೊತ್ತು ಉಂಡು ಓಡಾಡಿಕೊಂಡಿರುವವನು, ಅಂಥ ಮಾತನ್ನು ಮನಸ್ಸಿನಲ್ಲಿ ಕೂಡ ಆಡಬಾರದು.

ಕಾರಣ ಜೇಬಿನಲ್ಲಿತ್ತು. ನಿನ್ನೆ ಸಂಜೆ ಲುಂಬಿನಿ ಮೆಸೇಜು ಕಳಿಸಿದ್ದಳು. ಲುಂಬಿನಿ ಅವನ ಹಳೆಯ ತಂಡದ ಹುಡುಗಿ, ಈಗ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. 'ಸರ, ಶಹಾಬಾದ ಮ್ಯಾಚಿಂದು ವಿಡಿಯೊ ಸಿಕ್ಕದರಿ. ನಮ್ಮ ಅಣ್ಣನ ಹಳೇ ಫೋನಿನಾಗ ಇತ್ತು. ಸರಿತಾಗ ಕಳಿಸೀನಿ.' ಯಾಕೆ ಕಳಿಸಿದಿ ಎಂದು ಬೆರಳು ಬರೆಯಿತು, ಅಳಿಸಿತು. ಒಳ್ಳೇದಾಯ್ತವ್ವ ಎಂದು ಬರೆಯಿತು, ಅದನ್ನೂ ಅಳಿಸಿತು. ಕಡೆಗೆ ಏನೂ ಕಳಿಸದೆ ಫೋನನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದ. ಆ ಮಧ್ಯಾಹ್ನ ಗ್ರೌಂಡಿನಲ್ಲಿ ಫೋನು ಹಿಡಿದು ನಿಂತವರು ಯಾರೋ ಇದ್ದರು ಎಂಬುದು ಅವನಿಗೆ ಗೊತ್ತಿತ್ತು. ಯಾರ ಫೋನಿನಲ್ಲೂ ಅದು ಉಳಿಯದಿರಲಿ ಎಂದು ಎರಡು ವರ್ಷ ಹಾರೈಸಿದ್ದ. ದೇವರನ್ನು ನಂಬದವನು ಯಾರ ಮುಂದೆ ಹಾರೈಸುತ್ತಾನೋ, ಅದು ಅವನಿಗೇ ಗೊತ್ತು.

ತೆಂಗಳಿಯಲ್ಲಿ ಮಂಚ ಹಿಡಿದಿರುವ ಸರಿತಾಳಿಗೆ ಆ ಮಧ್ಯಾಹ್ನದ ನೆನಪಿಲ್ಲ. ಟಾಸು ಹಾಕಿದ್ದು ನೆನಪಿದೆ, ನೀರು ಕುಡಿದದ್ದು ನೆನಪಿದೆ. ಮುಂದಿನದು ಸೋಲಾಪುರದ ಆಸ್ಪತ್ರೆಯ ಸೂರು. ನಡುವೆ ನಡೆದದ್ದನ್ನು ತುಂಬಿಕೊಟ್ಟವನು ಕಪಿಲ. ಹೇಗೆ ತುಂಬಿದ ಎಂಬುದೇ ಈಗ ಎದೆಯಲ್ಲಿ ಕಲ್ಲಾಗಿ ಕುಳಿತಿದ್ದು. ಗಾಡಿ ಮಳಖೇಡ ರೋಡಿನಲ್ಲೂ ನಿಂತಿತು. ಅಲ್ಲಿ ಇಳಿದಿದ್ದರೂ ನಡೆಯುತ್ತಿತ್ತು. ಅಲ್ಲೂ ಅವನು ಇಳಿಯಲಿಲ್ಲ.

ರಗ್ಬಿ ಎಂಬ ಈ ಆಟ ಅವನಿಗೆ ಹತ್ತಿಕೊಂಡದ್ದು ಭುವನೇಶ್ವರದ ಒಂದು ಕ್ಯಾಂಪಿನಲ್ಲಿ. ಇಲಾಖೆಯಿಂದ ಯಾರಾದರೂ ಹೋಗಲೇಬೇಕಾಗಿತ್ತು, ಯಾರಿಗೂ ಇಷ್ಟವಿರಲಿಲ್ಲ, ಇವನ ಹೆಸರು ಬರೆದರು. ಹೋದವನು ಮರುಳಾಗಿ ಬಂದ. ಚೀಲದಿಂದ ಆ ಉದ್ದನೆಯ ಚೆಂಡು ತೆಗೆದು ಮೇಜಿನ ಮೇಲಿಟ್ಟಾಗ ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿ, "ಇದೇನ್ರಿ ಮಾಸ್ತರ, ಪಪಾಯಿ ತಂದೀರಿ?" ಎಂದರು. ಸ್ಟಾಫ್‌ರೂಮು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಪಿಲನೂ ನಕ್ಕ; ನಗದೆ ಹೋದರೆ ಇನ್ನಷ್ಟು ನಗುತ್ತಾರೆಂದು ಅವನಿಗೆ ಚಿಕ್ಕಂದಿನಿಂದಲೇ ತಿಳಿದಿತ್ತು. ಅಪ್ಪ ಲಾಲಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಖಣಿಯಲ್ಲಿ ದುಡಿದವನು, ಮಾಲೀಕ ನಕ್ಕರೆ ನಗುತ್ತಿದ್ದವನು. ಆದರೆ ಸಂಜೆ ಹುಡುಗಿಯರನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ಆಟದ ಕಥೆ ಹೇಳುವಾಗ ಅವನ ದನಿ ಬೇರೆಯಾಗುತ್ತಿತ್ತು. ಇಂಗ್ಲೆಂಡಿನ ಸಾಹುಕಾರರ ಸಾಲೆಯಲ್ಲಿ ಹುಟ್ಟಿದ ಆಟ. ಒಬ್ಬ ಹುಡುಗ ಕಾಲಿನಿಂದ ಒದೆಯಬೇಕಾದ ಚೆಂಡನ್ನು ಎತ್ತಿಕೊಂಡು ಓಡಿದನಂತೆ. ಖರೆಯೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಸಾಹುಕಾರರ ಆಟ ಕಲ್ಲಿದ್ದಲು ಗಣಿಯ ಕೂಲಿಗಳ ಕೈಗೆ ಹೋಯಿತು, ವೇಲ್ಸ್ ಎಂಬ ಸಣ್ಣ ನಾಡಿನಲ್ಲಿ. ಅವರು ಅದನ್ನು ತಮ್ಮದು ಅಂದರು, ದೇಶವೆಲ್ಲ ಹೌದು ಅಂದಿತು. ಟೋಂಗಾ ಎಂಬ ದ್ವೀಪದ ಜನವನ್ನೆಲ್ಲ ಸೇರಿಸಿದರೂ ನಮ್ಮ ಸೇಡಂ ತಾಲೂಕಿನಷ್ಟು ಆಗುವುದಿಲ್ಲ, ಆದರೂ ದೊಡ್ಡ ದೊಡ್ಡ ದೇಶಗಳ ಬೆವರಿಳಿಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರು ಕರಿಯರನ್ನು ಪಕ್ಕಕ್ಕೆ ನಿಲ್ಲಿಸಿ ತಾವೇ ಆಡಿಕೊಂಡರು. ಕಡೆಗೊಂದು ದಿನ ಕರಿಯರೂ ಅದೇ ಅಂಗಿ ತೊಟ್ಟರು.

ಕಲ್ಕತ್ತೆಯ ಕಥೆ ಹುಡುಗಿಯರಿಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಆಡುತ್ತಿದ್ದ ಬ್ರಿಟಿಷರ ಕ್ಲಬ್ಬು ಮುಚ್ಚಿತು; ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಕೆ, ಆನೆಯ ಮುಚ್ಚಳ ಇಟ್ಟು ಒಂದು ಕಪ್ಪು ಮಾಡಿಸಿ ತಮ್ಮ ನಾಡಿಗೆ ಕಳಿಸಿದರು. ಇವತ್ತಿಗೂ ಇಂಗ್ಲೆಂಡು ಸ್ಕಾಟ್ಲೆಂಡು ಅದಕ್ಕಾಗಿ ಬಡಿದಾಡುತ್ತವೆ. ಅದನ್ನು ಕೇಳಿ ಸರಿತಾ, ಆಗ ಒಂಬತ್ತನೆಯ ಇಯತ್ತೆ, ಎಣ್ಣೆ ಹಚ್ಚಿದ ಎರಡು ಜಡೆ, "ನಮ್ಮ ರೊಕ್ಕ ಕರಗಿಸಿ ಅವ್ರು ಕಪ್ ಮಾಡ್ಕೊಂಡ್ರೇನ್ರಿ? ಹೋಗಿ ತರಾಣ್ರಿ ಸರ," ಎಂದಿದ್ದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೋಗಿ ತರಲು ಯಾವ ಗಾಡಿ ಹತ್ತಬೇಕು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ಆ ಸಂಜೆ ಕಪಿಲನಿಗೆ, ಇದು ಒಂದು ದಿನ ನಮ್ಮ ಕಡೆಯ ಆಟವಾಗುತ್ತದೆ, ಈ ಖಣಿಗಳ ಈ ಕರಿಮಣ್ಣಿನ ನಾಡಿನ ಆಟವಾಗುತ್ತದೆ ಎಂದು ಗಟ್ಟಿಯಾಗಿ ಅನ್ನಿಸಿಬಿಟ್ಟಿತು. ಆಸೆಗೆ ಅಷ್ಟು ಸಾಕಾಯಿತು.

ಸೇಡಂನಲ್ಲಿ ಇಳಿದ. ಇಳಿಯದೆ ಹೋಗಿದ್ದರೆ ಹೈದರಾಬಾದಿನ ತನಕ ಹೋಗುತ್ತಿದ್ದನೋ ಏನೋ. ಕೋಡ್ಲಾದ ಕಡೆಯಿಂದ ಬಂದ ಸಿಮೆಂಟಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಹೋಟೆಲಿನಲ್ಲಿ ಒಂದು ಚಾ ಕುಡಿದ, ಬೇಡವಾಗಿದ್ದರೂ ಇನ್ನೊಂದು ಕುಡಿದ. ವಾಪಸು ವಾಡಿಗೆ ಹೋಗಿಬಿಡಬಹುದಿತ್ತು; ಜ್ವರ ಬಂದಿತ್ತು ಅಂದರೆ ಆಗುತ್ತಿತ್ತು. ಆದರೆ ಭಾನುವಾರ ಅವಳು ಕಾಯುತ್ತಾಳೆ. ಕಾಯುತ್ತಾಳೆ ಎಂಬ ಈ ಒಂದು ಮಾತಿನ ಮೇಲೆ ಅವನ ಉಳಿದ ಆರು ದಿನ ನಿಂತಿದ್ದವು. ಸಾಲೆಯಲ್ಲಿ ಆಟ ನಿಂತುಹೋಗಿ, ಚೆಂಡುಗಳು ಸ್ಟೋರ್‌ರೂಮಿನಲ್ಲಿ ಗಾಳಿ ಹೋಗಿ ಮೆತ್ತಗಾಗಿ, ಅವನನ್ನು ಕಂಡರೆ ಕೆಲವು ತಾಯಂದಿರು ಮಕ್ಕಳನ್ನು ಬದಿಗೆ ಎಳೆದುಕೊಳ್ಳುವಂತಾಗಿ, ಆದರೂ ಅವನು ಎದ್ದು ಸೀಟಿ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದನೆಂದರೆ, ಭಾನುವಾರ ಒಂದು ಮಂಚದ ಪಕ್ಕ ಅವನಿಗೆ ಒಂದು ಕುರ್ಚಿ ಇತ್ತು. ಇವತ್ತು ಆ ಕುರ್ಚಿ ಉಳಿಯುತ್ತದೋ ಇಲ್ಲವೋ. ಅಷ್ಟೇ ಅವನ ಭಯ, ಅದಕ್ಕಿಂತ ದೊಡ್ಡದೇನೂ ಅಲ್ಲ, ಅದು ತಿಳಿದು ಅವನಿಗೆ ನಾಚಿಕೆಯೂ ಆಯಿತು. ಹುಡುಗಿಗೆ ಏನಾಗುತ್ತದೆ ಎಂದಲ್ಲ, ತನಗೇನಾಗುತ್ತದೆ ಎಂದು.

ಕಡೆಗೆ ತೆಂಗಳಿಯ ಬಸ್ಸು ಹತ್ತಿದ. ಕಿಟಕಿಯಾಚೆ ತೊಗರಿ ಹೊಲದ ಬದುವಿನಲ್ಲಿ ಕುರಿಹಿಂಡು ಹೋಗುತ್ತಿತ್ತು. ಹಿಂದೆ ಬರುತ್ತಿದ್ದ ಹೆಂಗಸಿನ ಕಂಕುಳಲ್ಲಿ ಇಂದೋ ನಿನ್ನೆಯೋ ಹುಟ್ಟಿದ ಮರಿ. ಕಪಿಲ ಮುಖ ತಿರುಗಿಸಿದ. ಬೇರೆ ಹುಡುಗಿಯರು ಆ ಚೆಂಡನ್ನು ಕೊಡ ಹಿಡಿದಂತೆ ಹಿಡಿಯುತ್ತಿದ್ದರು, ಜಾರಿ ಬೀಳುತ್ತಿತ್ತು. ಸರಿತಾ ಮೊದಲನೆಯ ದಿನವೇ ಅದನ್ನು ಎಡಗಂಕುಳಿಗೆ ಸಿಕ್ಕಿಸಿ, ತುದಿಗೆ ಬೆರಳು ಹರಡಿ, ಎದೆಗೆ ಒತ್ತಿಕೊಂಡು ಓಡಿದಳು. ನಡೆಯಲಾರದ ಮರಿಗಳನ್ನು ಹಿಂಡಿನ ಹಿಂದೆ ಹೊತ್ತು ಬೆಳೆದ ಕೈ. "ಎಲ್ಲರೂ ನೋಡ್ರಿ ಇಲ್ಲಿ. ಮರಿ ಹಿಡದಂಗ ಹಿಡೀಬೇಕು," ಎಂದು ಅವನು ಕೂಗಿ ಹೇಳಿದ. ಅಂದಿನಿಂದ ತಂಡದಲ್ಲಿ ಅದೇ ಮಾತಾಯಿತು. ಆದರೆ ಆಟದಲ್ಲಿ ಇನ್ನೊಂದು ಕಟ್ಟಳೆ ಇದೆ: ಹಿಡಿದು ಕೆಡವಿದ ಕೂಡಲೇ ಚೆಂಡು ಬಿಟ್ಟುಬಿಡಬೇಕು. ಅದು ಅವಳಿಗೆ ಬರಲೇ ಇಲ್ಲ. ಮರಿ ಹೊತ್ತವರು ಎಡವಿದರೆ ಕೈ ಊರುವುದಿಲ್ಲ. ಮರಿ ಅಡಿಗೆ ಸಿಗದಂತೆ ಮೈ ತಿರುಗಿಸಿ, ಅದನ್ನು ಎದೆಗವಚಿಕೊಂಡು, ತಾವು ಕೆಳಗಾಗಿ ಬೀಳುತ್ತಾರೆ. ಬಿಡು, ಕೈ ಊರು ಎಂದರೆ, "ನಾ ಬಿಡಬೇಕಂತೀನ್ರಿ ಸರ. ಕೈ ಬಿಡಾಂಗಿಲ್ಲ," ಎನ್ನುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಅವಳ ಕೈಯಿಂದ ಚೆಂಡು ಕಸಿಯಲು ಯಾರಿಗೂ ಆಗದೆ ತಂಡ ಗೆಲ್ಲುತ್ತಿತ್ತಲ್ಲ. ಆಮೇಲೆ ತಿದ್ದಿದರಾಯಿತು ಎಂದು ಬಿಟ್ಟ.

ಶಹಾಬಾದಿನಲ್ಲಿ ವಿಭಾಗಮಟ್ಟದ ಪಂದ್ಯ. ಸುಡುಬಿಸಿಲು. ಇನ್ನೇನು ಸಮಯ ಮುಗಿಯಬೇಕು, ಚೆಂಡನ್ನು ಒಂದು ಸಲ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಗೆಲುವು. ಸರಿತಾ ಬದಿಯಿಂದ ನುಗ್ಗಿದಳು. ಗೆರೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಎದುರು ತಂಡದ ಇಬ್ಬರು ಒಟ್ಟಿಗೆ ಸೊಂಟಕ್ಕೆ ಬಿದ್ದರು. ಅವಳು ಮೈ ತಿರುಗಿಸಿದಳು. ಎರಡೂ ಕೈ ಚೆಂಡಿನ ಸುತ್ತ. ನೆಲಕ್ಕೆ ಮೊದಲು ತಾಗಿದ್ದು ತಲೆ. ರೆಫರಿ ಸೀಟಿ ಊದಿದ, ಚೆಂಡು ಬಿಡಲಿಲ್ಲವೆಂದು ತಪ್ಪು ಕೊಟ್ಟ. ಎದುರಿನವರು ಕೇಕೆ ಹಾಕಿದರು. ಕಪಿಲನಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಗೆರೆ ದಾಟಿ ಒಳಗೆ ಓಡಿದ. "ಬಿಡು ಅಂತ ಸಾವಿರ ಸಲ ಬಡಕೊಂಡೀನಿ. ಏಳು. ನಾಟಕ ಮಾಡಬ್ಯಾಡ." ಹಾಗೆಂದು ಅವಳ ತೋಳು ಹಿಡಿದು ಜಗ್ಗಿ ಎತ್ತಿದ. ಮೈ ಬಂತು. ತಲೆ ಹಿಂದಕ್ಕೆ ಬಿತ್ತು, ಅದು ಬೀಳಬಾರದ ರೀತಿಯಲ್ಲಿ. ಆಗ ಅವಳ ಕೈಯಿಂದ ಚೆಂಡು ಜಾರಿ ಹೊರಳಿಕೊಂಡು ಹೋಯಿತು. ಸೋಲಾಪುರದಲ್ಲಿ ಡಾಕ್ಟರು ಎಕ್ಸ್‌ರೇ ಫಿಲಮನ್ನು ಬೆಳಕಿಗೆ ಹಿಡಿದು, ಬಿದ್ದ ಮೇಲೆ ಇವಳನ್ನು ಎತ್ತಿದ್ದು ಯಾರು ಎಂದು ಕೇಳಿದರು. ಅವಳ ಅಪ್ಪ ಖಂಡೆಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು, "ಗೊತ್ತಿಲ್ರಿ ಸಾಹೇಬ್ರ, ನಾವು ಇದ್ದಿಲ್ಲ," ಎಂದ. ಪಕ್ಕದಲ್ಲೇ ನಿಂತಿದ್ದ ಕಪಿಲ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

ಅವಳಿಗೆ ಎಚ್ಚರವಾದಾಗ ಕೇಳಿದ ಮೊದಲ ಮಾತು, "ಮುಟ್ಟಿಸಿದ್ನೇನ್ರಿ ಸರ?" ಕೈಕಾಲು ಇನ್ನು ಅಲ್ಲಾಡುವುದಿಲ್ಲವೆಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು, ನೋಡಿ ಮನಸ್ಸಿನ ಆಟ, ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಪಂದ್ಯ. ನ್ಯೂಜಿಲೆಂಡಿನವರು ಹಡಗಿನಲ್ಲಿ ಬಂದು ಎಲ್ಲರನ್ನೂ ಬಗ್ಗುಬಡಿದು ಕಡೆಗೆ ಗಣಿಕೂಲಿಗಳ ವೇಲ್ಸಿಗೆ ಹೋದರು. ಆಟಕ್ಕೆ ಮೊದಲು ಬಂದವರು ತಮ್ಮ ಕುಣಿತ ಕುಣಿದರು, ವೇಲ್ಸಿನವರು ತಮ್ಮ ನಾಡಿನ ಹಾಡು ಎತ್ತಿದರು, ನೋಡಲು ಬಂದವರೆಲ್ಲ ದನಿಗೂಡಿಸಿದರು. ವೇಲ್ಸ್ ಗೆದ್ದಿತು. ಆದರೆ ನ್ಯೂಜಿಲೆಂಡಿನ ಒಬ್ಬ ಹುಡುಗ ಗೆರೆಯಾಚೆ ಮುಟ್ಟಿಸಿದ್ದೆ, ರೆಫರಿ ಬರುವಷ್ಟರಲ್ಲಿ ನನ್ನನ್ನು ಹಿಂದಕ್ಕೆ ಎಳೆದರು ಎಂದ. ಕೆಲವೇ ವರ್ಷಗಳಲ್ಲಿ ತೀರಿಹೋದ; ಸಾಯುವತನಕ ಮುಟ್ಟಿಸಿದ್ದೆ ಎನ್ನುತ್ತಿದ್ದನಂತೆ. ಇವಳಿಗೂ ಆ ಸಂಕಟ ಯಾಕೆ? "ಮುಟ್ಟಿಸಿದಿ," ಎಂದ ಕಪಿಲ. "ಎರಡೂ ಕಂಬದ ನಡುಬರಾಬರಿ. ಗೆದ್ದೀವಿ." ಅವಳು ಕಣ್ಣು ಮುಚ್ಚಿ ನಕ್ಕಳು. ಆ ನಗು ಕಂಡು ಅವನಿಗೆ ಜೀವ ಬಂದಂತಾಯಿತು. ಅಲ್ಲಿಂದ ಆ ಸುಳ್ಳು ಭಾನುವಾರ ಭಾನುವಾರ ಬೆಳೆಯಿತು. ಚಪ್ಪಾಳೆ ಸೇರಿತು, ರೆಫರಿ ಹೊಗಳಿದ್ದು ಸೇರಿತು.

ತೆಂಗಳಿಯ ಮನೆಯ ಹಟ್ಟಿಯಲ್ಲಿ ಕುರಿಗಳು ಈಗ ಬೆರಳೆಣಿಕೆಯಷ್ಟು. ಸರಿತಾಳ ಅವ್ವ ಅಮೃತಮ್ಮ ಹೊರಗೆ ಬಂದು, "ಬರ್ರಿ ಸರ. ಯಾಕ ಇವತ್ತ ತಡಾ ಆಯ್ತು? ಕುಂದ್ರಿ," ಎಂದು ಎಂದಿನಂತೆ ಕುರ್ಚಿ ತೋರಿಸಿ ಒಳಗೆ ಹೋದಳು. ಮೊದಲ ಸಲ, ಹುಡುಗಿಯನ್ನು ಆಟಕ್ಕೆ ಕಳಿಸಿರೆಂದು ಕೇಳಲು ಬಂದಾಗ, ಅವನಿಗೆ ಕಟ್ಟೆಯ ಮೇಲೆ ಕಾಗದದ ಕಪ್ಪಿನಲ್ಲಿ ಚಾ ಬಂದಿತ್ತು. ಮಾಸ್ತರನ ಓಣಿ ಯಾವುದೆಂದು ಮನೆಯವರಿಗೆ ಗೊತ್ತಿತ್ತು. ಅವನು ನಕ್ಕು ಕುಡಿದಿದ್ದ. ಸೋಲಾಪುರದಿಂದ ಬಂದ ಮೇಲೆ ಒಳಗೆ ಕುರ್ಚಿ, ಸ್ಟೀಲಿನ ಲೋಟ. ಸುಮ್ಮನೆ ಲೋಟ ಬದಲಾಯಿತು. ತನ್ನ ಅಪ್ಪನಿಗೆ ಒಂದು ಜನ್ಮದಲ್ಲಿ ಸಿಗದ ಲೋಟ ತನಗೆ ಈ ದಾರಿಯಲ್ಲಿ ಸಿಕ್ಕಿತು ಎಂದು ನೆನೆದಾಗಲೆಲ್ಲ ಅವನು ಅರ್ಧ ಚಾ ಲೋಟದಲ್ಲೇ ಬಿಡುತ್ತಿದ್ದ. ಇವತ್ತೂ ಅದೇ ಲೋಟ ಬಂತು. ಅಮೃತಮ್ಮ ಅವನ ಮುಖ ನೋಡಲಿಲ್ಲ. ಇಲ್ಲ, ನೋಡಿದಳೋ ಏನೋ. ನೋಡದೆ ಇದ್ದವನು ತಾನೇ ಇರಬೇಕು.

ಸರಿತಾ ಮಂಚದ ಮೇಲೆ ಗೋಡೆಯ ಕಡೆ ಸ್ವಲ್ಪ ಹೊರಳಿಸಿ ಮಲಗಿಸಿದಂತೆ ಇದ್ದಳು. ತಲೆ ಬಾಚಿ, ಪೌಡರು ಹಚ್ಚಿ, ಹಣೆಗೆ ಬೊಟ್ಟು ಇಟ್ಟಿತ್ತು. ಮುಲಾಮಿನ ವಾಸನೆ. ಅವನನ್ನು ಕಂಡು ನಕ್ಕಳು. ಆ ನಗು ಇದೆ ಎಂದಮೇಲೆ ವಿಡಿಯೊ ಇನ್ನೂ ನೋಡಿಲ್ಲ ಎಂದು ಅವನ ಎದೆ ಹಗುರಾಯಿತು. ಕುಳಿತದ್ದೇ ತಡ, ಉಸಿರು ತೆಗೆದುಕೊಳ್ಳದೆ ಶುರುಮಾಡಿದ, ಇವತ್ತಿಗೆಂದೇ ಉಳಿಸಿಕೊಂಡಿದ್ದ ಫಿಜಿಯ ಕಥೆಯನ್ನು. "ಕೇಳ ಸರಿತಾ, ಫಿಜಿ ಅಂತ ಒಂದು ದೇಶ. ದ್ವೀಪ. ನಮ್ಮ ದೇಶದ ಕೂಲಿಗೋಳ ಮಕ್ಕಳು ಮೊಮ್ಮಕ್ಕಳೂ ಅಲ್ಲಿ ಅದಾರ. ಆ ದೇಶಕ್ಕ ಒಲಿಂಪಿಕ್ಸ್‌ನಾಗ ಒಂದು ಮೆಡಲ್ ಸುದ್ದಾ ಬಂದಿದ್ದಿಲ್ಲ. ಮೊಟ್ಟಮೊದಲು ಬಂದಿದ್ದು ನಮ್ಮ ಆಟದಾಗ, ಅದೂ ಬಂಗಾರದ್ದು. ಊರಿಗೂರೇ ಕುಣೀತು. ಸರಕಾರದವ್ರು ಏನ್ ಮಾಡಿದ್ರು ಗೊತ್ತದ? ಏಳು ಮಂದಿ ಆಡೂ ಆಟ ಅಂತ ಏಳು ಡಾಲರಿಂದೊಂದು ನೋಟೇ ಹೊಡಸಿದ್ರು, ಅದರ ಮ್ಯಾಲ ಆಟಗಾರರ..."

"ಸರ," ಎಂದಳು ಸರಿತಾ. "ವಿಡಿಯೊ ನೋಡೀನ್ರಿ."

ಅವನು ಒಂದು ಗುಟುಕು ಚಾ ಕುಡಿದ.

"ನಿನ್ನೇನೇ ನೋಡಿದೆ. ಅವ್ವ ಫೋನ್ ಹಿಡದಿದ್ಲು."

ಒಲೆಯ ಹತ್ತಿರ ಕುಳಿತ ಅಮೃತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಾಗಾದರೆ ಅವಳೂ ನೋಡಿದ್ದಾಳೆ. ನೋಡಿ, ಬೆಳಗಾಗೆದ್ದು, ಮಗಳ ತಲೆ ಬಾಚಿ, ಇವನಿಗೆ ಚಾ ಕಾಸಿದ್ದಾಳೆ. ಕಪಿಲ ಲೋಟವನ್ನು ಕೆಳಗಿಟ್ಟ. ಲೋಟ ವಾಲಿ ಚಾ ಚೆಲ್ಲಿತು. ಒರೆಸಲು ಏನಾದರೂ ಸಿಗುತ್ತದೋ ಎಂದು ಸುತ್ತ ಹುಡುಕಿದ, ತನ್ನ ಕರವಸ್ತ್ರದಿಂದಲೇ ನೆಲ ಒರೆಸಿದ. ಒರೆಸುತ್ತ ತಲೆ ತಗ್ಗಿಸಿ ಇದ್ದುಬಿಡಬಹುದು ಎಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ಮುಟ್ಟಿಸಿಲ್ಲ ಅನ್ನೂದು ನನಗ ಮೊದಲೇ ಗೊತ್ತಿತ್ರಿ," ಎಂದಳು ಅವಳು. "ಸೋಲಾಪುರದಾಗ ಇದ್ದಾಗೇ ಲುಂಬಿನಿ ಹೇಳಿದ್ಲು. ನೀವು ಅಷ್ಟ ಖುಷಿಲೆ ಹೇಳ್ತಿದ್ರಿ. ಇಲ್ಲ ಅಂತ ಹ್ಯಾಂಗ ಅನ್ಲಿ ಅಂತ ಸುಮ್ಮನಿದ್ದೆ."

"ನಾ ಎತ್ತಬಾರದಿತ್ತು," ಎಂದ ಕಪಿಲ. "ನಾನೇ ಜಗ್ಗಿದೆ ಸರಿತಾ. ನಾಟಕ ಅಂದೆ."

"ವಿಡಿಯೊದಾಗ ಕೇಳಿಸ್ತರಿ," ಎಂದಳು. "ಓಡೂದು ಭಾಳ ಛಲೋ ಓಡೀನ್ರಿ ಸರ. ಅದೊಂದು ಎರಡು ಮೂರು ಸಲ ತಿರುಗಿ ಹಾಕಿಸಿ ನೋಡಿದೆ. ಉಳದಿದ್ದು ಒಂದೇ ಸಲ ನೋಡಿದೆ."

"ನನ್ನ ಮ್ಯಾಲ ಸಿಟ್ಟು..."

"ಸಿಟ್ಟಿಲ್ಲರಿ."

ಅವಳು ಸಿಟ್ಟಾಗಿದ್ದರೆ ಅವನು ಬದುಕುತ್ತಿದ್ದ. ಕಾಲಿಗೆ ಬೀಳಬಹುದಿತ್ತು, ಅಳಬಹುದಿತ್ತು, ಹೊಡೆಸಿಕೊಳ್ಳಬಹುದಿತ್ತು. ಸಿಟ್ಟಿಲ್ಲ ಎಂದವಳ ಮುಂದೆ ಏನು ಮಾಡುವುದು ಎಂದು ತಿಳಿಯದೆ, ಆದರೂ ಒಳಗೆಲ್ಲೋ ಒಂದು ಕೆಟ್ಟ ಸಮಾಧಾನ ಏಳುತ್ತಿರುವುದು ತಿಳಿದು, ಅವನು ಕುರ್ಚಿಯನ್ನು ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಕುರ್ಚಿ ಉಳಿಯಿತು. ಇನ್ನು ಸುಳ್ಳಿಲ್ಲದೆ ಬರಬಹುದು. ಮುಂದಿನ ಭಾನುವಾರ ಫಿಜಿಯ ಕಥೆಯನ್ನು ಮೊದಲಿನಿಂದ ಹೇಳಬಹುದು. ವಾಡಿಯಲ್ಲಿ ಸಂಘಪಾಲನ ಮೊಬೈಲ್ ಅಂಗಡಿಯಿಂದ ಒಂದು ಸ್ಟ್ಯಾಂಡು ತಂದು ಮಂಚಕ್ಕೆ ಬಿಗಿದರೆ ಫೋನನ್ನು ಯಾರೂ ಹಿಡಿಯಬೇಕಾಗಿಲ್ಲ, ಅವಳೇ ಮ್ಯಾಚು ನೋಡಬಹುದು.

"ಒಂದು ಮಾತು ಹೇಳ್ಲೇನ್ರಿ ಸರ?"

"ಹೇಳವ್ವ."

"ಇನ್ನ ಬರಬ್ಯಾಡ್ರಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಬರುವ ಭಾನುವಾರ ಆಸ್ಪತ್ರೆಗೆ ಹೋಗುವುದಿರಬೇಕು ಅಂದುಕೊಂಡ.

"ನೀವು ಬರ್ತೀರಿ ಅಂತ ಅವ್ವ ಐತವಾರ ನಸುಕಿನ್ಯಾಗ ಎದ್ದು ನನಗ ತಯಾರ ಮಾಡ್ತಾಳ. ಮೈ ಒರಸಿ, ಬಟ್ಟಿ ಬದಲಿಸಿ, ತಲಿ ಬಾಚಿ. ಎತ್ತಿ ಹೊರಳಸಿ ಮಾಡೂದ್ರಾಗ ಆಕಿ ನಡಾ ಹಿಡೀತದ. ಆಮ್ಯಾಲ ನೀವು ಬರ್ತೀರಿ. ಬಂದು ನನ್ನ ಮಾರಿ ನೋಡ್ತೀರಿ. ನಾ ನಗಲಿಲ್ಲಂದ್ರ ನಿಮ್ಮ ಮಾರಿ ಹ್ಯಾಂಗೋ ಆಗ್ತದ. ಅದಕ್ಕ ನಗ್ತೀನ್ರಿ. ನೀವು ಹೋಗೂತನ ನಗ್ತೀನಿ." ಇಷ್ಟು ಮಾತಿಗೆ ಅವಳ ಉಸಿರು ಸಾಲಲಿಲ್ಲ, ನಿಲ್ಲಿಸಿ, ತೆಗೆದುಕೊಂಡು, ಮುಗಿಸಿದಳು. "ಭಾಳ ಸುಸ್ತಾಗ್ತದರಿ ಸರ."

ಅಮೃತಮ್ಮನ ಕೈ ನಿಂತಿತ್ತು. ಹಂಗ ಅನಬಾರದವ್ವ ಎಂದು ಅವಳು ಹೇಳುತ್ತಾಳೆಂದು ಕಪಿಲ ಕಾದ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

"ಆಯ್ತವ್ವ," ಎಂದ ಕಪಿಲ. ಎದ್ದು, ಕುರ್ಚಿಯನ್ನು ಎತ್ತಿ ಗೋಡೆಗೆ ಇಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಡೆಯಲಾರದೆ, ಒಮ್ಮೆ ಹಿಂತಿರುಗಿ ನೋಡಿದ. ಅವನು ಹೋದನೆಂದು ತಿಳಿದು ಅವಳ ಮುಖದಿಂದ ನಗು ಇಳಿದಿತ್ತು. ಪೌಡರಿನ ಕೆಳಗೆ ಅವನು ಎಂದೂ ಕಾಣದ ಒಂದು ಮುಖ, ದಣಿದು, ಕಣ್ಣು ಮುಚ್ಚಿಕೊಂಡಿತ್ತು.